ಮಾಯದ ಹುಣ್ಣಿನ ಜಾಡು

1874ರಲ್ಲಿ ಲಂಡನ್ನಿನ ಸೇಂಟ್ ಬಾರ್ತೊಲೊಮ್ಯೂ ಆಸ್ಪತ್ರೆಯ ವರದಿ ಸಂಪುಟದಲ್ಲಿ ಸರ್ಜನ್ ಜೇಮ್ಸ್ ಪ್ಯಾಜೆಟ್ ಎರಡು ಮೂರು ಪುಟಗಳ ಒಂದು ಬರಹ ಪ್ರಕಟಿಸಿದರು. ವಿಷಯ, ಹೆಂಗಸರ ಮೊಲೆತೊಟ್ಟಿನ ಸುತ್ತ ಏಳುವ ಒಂದು ಬಗೆಯ ಇಸುಬು. ಸುಮಾರು ಹದಿನೈದು ಹೆಂಗಸರಲ್ಲಿ ಅವರು ಅದನ್ನು ಕಂಡಿದ್ದರು. ಚರ್ಮ ಕೆಂಪಗೆ ಹಸಿಯಾಗಿ ರಸ ಒಸರುತ್ತಿತ್ತು, ಯಾವ ಮುಲಾಮಿಗೂ ಬಗ್ಗುತ್ತಿರಲಿಲ್ಲ. ಎರಡು ವರ್ಷ ತುಂಬುವುದರೊಳಗೆ ಅವರೆಲ್ಲರ ಸ್ತನದಲ್ಲಿ ಕ್ಯಾನ್ಸರ್ ಗಡ್ಡೆ ಕಾಣಿಸಿಕೊಂಡಿತ್ತು. ಇಷ್ಟು ಹೇಳಿದ ಪ್ಯಾಜೆಟ್ ಜೊತೆಗೆ ಇನ್ನೊಂದು ಮಾತು ಸೇರಿಸಿದರು. ಶಿಶ್ನದ ತುದಿಯಲ್ಲೂ ಇಂಥದೇ ಹಸಿತನ ಬಹುಕಾಲ ಉಳಿದದ್ದನ್ನು ತಾವು ನೋಡಿರುವುದಾಗಿಯೂ, ನೋಡಿದರೆ ಹಳೆಯ ಉರಿಯೂತದಂತೆಯೇ ಇದ್ದ ಅದರ ಬೆನ್ನಿಗೆ ವರ್ಷ ದಾಟಿದ ಮೇಲೆ ಕ್ಯಾನ್ಸರ್ ಬಂದಿತೆಂದೂ ಬರೆದರು.

ಹೆಂಗಸರ ರೋಗ ಪ್ಯಾಜೆಟ್ ಹೆಸರಿನಲ್ಲೇ ಪಠ್ಯಪುಸ್ತಕ ಸೇರಿತು. ಗಂಡಸರ ಬಗೆಗಿನ ಆ ಒಂದು ಮಾತು ಮಾತ್ರ ತನ್ನ ಪೂರ್ತಿ ಅರ್ಥ ಬಿಟ್ಟುಕೊಡಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ತೆಗೆದುಕೊಂಡಿತು. ಆ ಮಧ್ಯೆ ಏನೇನಾಯಿತು ಎಂಬುದನ್ನು ನಮ್ಮ ಬೀದರ್ ಜಿಲ್ಲೆಯವರು ತಿಳಿದುಕೊಳ್ಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕಾರಣ, ಪ್ಯಾಜೆಟ್ ಕಂಡಂಥ ಗಂಡಸರು ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಪಂಚೆ ಬಿಗಿಯಾಗಿ ಕಟ್ಟಿಕೊಂಡು ಯಾರಿಗೂ ಹೇಳದೆ ತಿರುಗಾಡುತ್ತಾರೆ. ಯಾರಾದರೂ ಒಬ್ಬರು ಕೊನೆಗೆ ಬಾಯಿಬಿಟ್ಟರೂ ಮಾತು ನಡೆಯುವುದು ಹೀಗೆ.

"ಎಷ್ಟ್ ದಿನಾ ಆಯ್ತು ಕಾಕಾ?"

"ದೀಪಾವಳಿ ಮುಂದ ಸುರು ಆಗ್ಯಾದ್ರಿ ಸಾಹೇಬ್ರ. ಗರ್ಮಿ ಆಗ್ಯಾದ ಅಂತ ಟ್ಯೂಬ್ ಹಚ್ಚಲತ್ತೀನಿ."

"ಮನ್ಯಾಗ ಹೇಳೀರೇನು?"

"ಯಾರಿಗಿ ಹೇಳಾದ್ರಿ? ಹೇಳೋ ಜಾಗ ಏನ್ರಿ ಅದು?"

ದೀಪಾವಳಿಗೆ ಶುರುವಾದದ್ದು ಯುಗಾದಿ ದಾಟಿರುತ್ತದೆ. ಅಷ್ಟರಲ್ಲಿ ಆರ್‌ಎಂಪಿ ಡಾಕ್ಟರು ಒಂದು ಸೂಜಿ ಚುಚ್ಚಿರುತ್ತಾರೆ, ಮೆಡಿಕಲ್ ಅಂಗಡಿಯವರು ಮೂರು ನಾಲ್ಕು ಔಷಧಿ ಬೆರೆಸಿದ ಟ್ಯೂಬು ಕೊಟ್ಟಿರುತ್ತಾರೆ. ಅದರಲ್ಲಿರುವ ಸ್ಟೀರಾಯ್ಡ್ ನಾಲ್ಕು ದಿನ ಕೆಂಪು ಇಳಿಸುತ್ತದೆ. ಗುಣವಾಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಕೆಂಪೇರುತ್ತದೆ. ನಿಜ ಹೇಳಬೇಕೆಂದರೆ ಹೆಚ್ಚಿನವರಲ್ಲಿ ಅದು ಕ್ಯಾನ್ಸರ್ ಆಗಿರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಅಲ್ಲಿ ಬೂಷ್ಟು ಬೆಳೆಯುವುದು ತೀರಾ ಸಾಮಾನ್ಯ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಹೊಸ ಮಾತ್ರೆಗಳು ಬಂದ ಮೇಲೆ ಇನ್ನೂ ಸಾಮಾನ್ಯ. ಅಪಾಯ ಇರುವುದೂ ಈ ಸಾಮಾನ್ಯತನದಲ್ಲೇ. ಅಪರೂಪದ ರೋಗ ಸಾಮಾನ್ಯ ರೋಗದ ವೇಷದಲ್ಲಿ ಬಂದು ಕೂತಾಗ ಬರಿಗಣ್ಣಿಗೆ ಎರಡೂ ಒಂದೇ.

ವೇಷ ಕಳಚುವ ಕೆಲಸಕ್ಕೆ ನಿಜವಾಗಿ ಕೈಹಾಕಿದ್ದು ಪ್ಯಾರಿಸ್. ಅಲ್ಲಿನ ಸೇಂಟ್ ಲೂಯಿ ಆಸ್ಪತ್ರೆ ಹತ್ತೊಂಬತ್ತನೇ ಶತಮಾನದಲ್ಲಿ ಚರ್ಮರೋಗದವರ ಕಾಶಿ. ಕಾಗದದ ರದ್ದಿಯಿಂದ ಹಣ್ಣಿನ ಗೊಂಬೆ ಮಾಡಿ ಮಾರುತ್ತಿದ್ದ ಜೂಲ್ ಬರೆತ್ತಾ ಎಂಬ ಕುಶಲಕರ್ಮಿಯನ್ನು ಅಲ್ಲಿನ ವೈದ್ಯರು ಕರೆತಂದು, ರೋಗಿಗಳ ಮೈಮೇಲಿನ ಗಾಯಗಳನ್ನು ಮೇಣದಲ್ಲಿ ಅಚ್ಚು ತೆಗೆಯುವ ಕೆಲಸಕ್ಕೆ ಹಚ್ಚಿದರು. ಮುಂದೆ ಅಲ್ಲಿ ಸಾವಿರಾರು ಮೇಣದಚ್ಚುಗಳು ಸೇರಿ ಒಂದು ಸಂಗ್ರಹಾಲಯವೇ ಆಯಿತು. 1889ರಲ್ಲಿ ಜಗತ್ತಿನ ಚರ್ಮವೈದ್ಯರ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಸೇರಿದ್ದೂ ಅಲ್ಲೇ. ಬಣ್ಣ, ಹೊಳಪು, ಅಂಚು, ಹಕ್ಕಳೆ ಎಲ್ಲವೂ ಅಚ್ಚಿನಲ್ಲಿ ಥೇಟು ರೋಗಿಯ ಮೈಯಂತೆಯೇ ಮೂಡುತ್ತಿದ್ದವು. ಕಣ್ಣಿಗೆ ಸಿಗುವಷ್ಟನ್ನು ಅವರು ಪೂರ್ತಿ ಕಲಿತಿದ್ದರು. ಆದರೆ ಮೇಣಕ್ಕೆ ಒಳಮೈ ಇರುವುದಿಲ್ಲ.

ಇದೇ ಆಸ್ಪತ್ರೆಯಲ್ಲಿ ಆಲ್‌ಫ್ರೆಡ್ ಫೂರ್ನಿಯೆ ಇದ್ದರು. ಯುರೋಪಿನಲ್ಲಿ ಸಿಫಿಲಿಸ್ ಎಂಬ ಲೈಂಗಿಕ ರೋಗದ ಬಗ್ಗೆ ಅವರ ಮಾತೇ ಕೊನೆಯ ಮಾತು. ಜೊತೆಗೆ ಜಾನ್ ಡಾರಿಯೆ, ವಯಸ್ಸಿನಲ್ಲಿ ಚಿಕ್ಕವರು, ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಕೂರುವವರು. 1893ರಲ್ಲಿ ಇಬ್ಬರೂ ಸೇರಿ ಶಿಶ್ನದ ಮೇಲಿನ ಒಂದು ಕೆಂಪು ಮಚ್ಚೆಯನ್ನು ವಿವರಿಸಿದರು. ಅವರು ಅದಕ್ಕಿಟ್ಟ ಹೆಸರಿನಲ್ಲಿ ಮೂರು ಸಂಗತಿಗಳಿದ್ದವು: ಇದು ಮೇಲ್ಪದರದ ಜೀವಕೋಶಗಳ ಗಂಟು, ಸಿಫಿಲಿಸ್ಸನ್ನು ಹೋಲುತ್ತದೆ, ಮತ್ತು ನಿರಪಾಯಕಾರಿ.

ಮೊದಲನೆಯದು ಸರಿ. ಎರಡನೆಯದೂ ಸರಿ. ಮೂರನೆಯದು ತಪ್ಪು.

ತಪ್ಪಿದ್ದೇಕೆ ಎಂಬುದನ್ನು ನೋಡಬೇಕು. ಆ ಕಾಲದಲ್ಲಿ ಜನನಾಂಗದ ಮೇಲೆ ಏನೇ ಕಂಡರೂ ವೈದ್ಯರ ಮನಸ್ಸು ಮೊದಲು ಹೋಗುತ್ತಿದ್ದುದು ಲೈಂಗಿಕ ರೋಗದ ಕಡೆಗೆ. ಇದು ಪ್ಯಾರಿಸ್ಸಿನವರ ದೋಷವಷ್ಟೇ ಅಲ್ಲ. ಅದಕ್ಕೂ ನೂರಕ್ಕೂ ಹೆಚ್ಚು ವರ್ಷ ಹಿಂದೆ, 1775ರಲ್ಲಿ, ಪ್ಯಾಜೆಟ್ ಇದ್ದ ಅದೇ ಲಂಡನ್ ಆಸ್ಪತ್ರೆಯ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವವರ ವೃಷಣಚೀಲದ ಚರ್ಮದ ಮೇಲೆ ಏಳುತ್ತಿದ್ದ ಗಂಟುಗಳ ಬಗ್ಗೆ ಬರೆದಿದ್ದರು. ಎಳೆತನದಿಂದ ಇಕ್ಕಟ್ಟಾದ ಹೊಗೆಗೂಡುಗಳನ್ನು ಹತ್ತಿ ಇಳಿಯುತ್ತಿದ್ದ ಆ ಹುಡುಗರ ಚರ್ಮದ ನೆರಿಗೆಗಳಲ್ಲಿ ಮಸಿ ಕೂತು, ಹರೆಯ ದಾಟಿದ ಮೇಲೆ ಅವರಿಗೆ ಕ್ಯಾನ್ಸರ್ ಆಗುತ್ತಿತ್ತು. ಹರೆಯಕ್ಕೆ ಮುಂಚೆ ಅದು ಬರುತ್ತಿರಲಿಲ್ಲವಾದ್ದರಿಂದ ರೋಗಿಯೂ ವೈದ್ಯನೂ ಅದನ್ನು ಲೈಂಗಿಕ ರೋಗ ಎಂದೇ ಎಣಿಸುತ್ತಾರೆ, ಪಾದರಸದ ಔಷಧಿ ಕೊಟ್ಟು ರೋಗವನ್ನು ಇನ್ನಷ್ಟು ಕೆರಳಿಸುತ್ತಾರೆ ಎಂದು ಪಾಟ್ ಎಚ್ಚರಿಸಿದ್ದರು. ಒಂದು ಕಸುಬಿನಿಂದ ಕ್ಯಾನ್ಸರ್ ಬರುತ್ತದೆ ಎಂದು ಜಗತ್ತಿಗೆ ಮೊದಲು ತಿಳಿದದ್ದು ಆ ಬರಹದಿಂದ. ಲೈಂಗಿಕ ರೋಗವೆಂಬ ತಪ್ಪು ಗುರುತು ಕ್ಯಾನ್ಸರನ್ನು ಹೇಗೆ ಮರೆಮಾಚುತ್ತದೆ ಎಂಬ ಪಾಠವೂ ಅದರಲ್ಲೇ ಇತ್ತು, ಆದರೆ ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಫೂರ್ನಿಯೆ ಕಾಲದಲ್ಲಿ ಇನ್ನೂ ಒಂದು ತೊಡಕಿತ್ತು. ಇದು ಸಿಫಿಲಿಸ್ ಅಲ್ಲ ಎಂದು ಸಾಧಿಸಲು ಯಾವ ಪರೀಕ್ಷೆಯೂ ಇರಲಿಲ್ಲ. 1905ರಲ್ಲಿ ಬರ್ಲಿನ್ನಿನಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಆ ರೋಗದ ಸುರುಳಿಯಾಕಾರದ ಸೂಕ್ಷ್ಮಜೀವಿಯನ್ನು ಕಂಡರು. ಮರುವರ್ಷ ವಾಸರ್‌ಮನ್ನರ ರಕ್ತಪರೀಕ್ಷೆ ಬಂತು. ಈ ಎರಡು ವರ್ಷಗಳಲ್ಲಿ ವೈದ್ಯರ ಕೈಗೆ ಒಂದು ಜರಡಿ ಸಿಕ್ಕಿತು. ಸಿಫಿಲಿಸ್ ಸೋಸಿಹೋದ ಮೇಲೂ ಜರಡಿಯಲ್ಲಿ ಕೆಲವು ಕೆಂಪು ಮಚ್ಚೆಗಳು ಉಳಿದವು.

ಹಾಗೆ ಉಳಿದವನ್ನು ದಿಟ್ಟಿಸಿ ನೋಡಿದವರು ಲೂಯಿ ಕೆರಾ. ಲೈಂಗಿಕ ರೋಗಿಗಳಿಗೆಂದೇ ಇದ್ದ ಪ್ಯಾರಿಸ್ಸಿನ ರಿಕಾರ್ ಆಸ್ಪತ್ರೆಯಲ್ಲಿ ಅವರ ಕೆಲಸ. ದಿನವಿಡೀ ಅದೇ ಗಾಯಗಳನ್ನು ನೋಡುವವರಿಗೆ ಗುಂಪಿಗೆ ಸೇರದ ಒಂದು ಗಾಯ ಬೇಗ ಕಣ್ಣಿಗೆ ಬೀಳುತ್ತದೆ. 1911ರಲ್ಲಿ ಅವರು ಶಿಶ್ನದ ತುದಿಯ ಒಂದು ಮಚ್ಚೆಯನ್ನು ವಿವರಿಸಿದರು. ಅಂಚು ಗೆರೆ ಎಳೆದಷ್ಟು ಸ್ಪಷ್ಟ, ಮೈ ಮಖಮಲ್ಲಿನಂತೆ ಕೆಂಪಗೆ ಹೊಳೆಯುತ್ತದೆ, ನೋವಿಲ್ಲ, ಹೋಗುವುದೂ ಇಲ್ಲ. ಇದು ಸಿಫಿಲಿಸ್ ಅಲ್ಲ, ಬರೀ ಉರಿಯೂತವೂ ಅಲ್ಲ, ಇದರಿಂದ ಕ್ಯಾನ್ಸರ್ ಹುಟ್ಟಬಹುದು ಎಂದು ಅವರು ಕಂಡುಕೊಂಡರು. ಇಂದಿಗೂ ಚರ್ಮವೈದ್ಯರು ಅದನ್ನು ಕೆರಾ ಹೆಸರಿನಿಂದಲೇ ಕರೆಯುತ್ತಾರೆ.

ಮರುವರ್ಷ, 1912ರಲ್ಲಿ, ಬಾಸ್ಟನ್ನಿನ ಜಾನ್ ಬೋವನ್ ದೇಹದ ಬೇರೆ ಕಡೆಯ ಚರ್ಮದಲ್ಲಿ ಇಂಥದೇ ಬದಲಾವಣೆ ಕಂಡ ಇಬ್ಬರು ರೋಗಿಗಳ ಬಗ್ಗೆ ಬರೆದರು. ವರ್ಷಗಟ್ಟಲೆ ಇದ್ದಲ್ಲೇ ಇರುವ, ಇಸುಬಿನಂತೆಯೋ ಗಜಕರ್ಣದಂತೆಯೋ ತೋರುವ ಮಚ್ಚೆಗಳವು. ಬೋವನ್ ಬಹಳ ಸಂಕೋಚದ ಮನುಷ್ಯ, ಭಾಷಣವೆಂದರೆ ಹಿಂಜರಿಯುತ್ತಿದ್ದರಂತೆ. ಅವರ ಆವಿಷ್ಕಾರವನ್ನು ಯುರೋಪಿಗೆ ಸಾರಿ, ಅದಕ್ಕೆ ಬೋವನ್ ಹೆಸರನ್ನೇ ಇಟ್ಟವರು ಮತ್ತಾರೂ ಅಲ್ಲ, ಡಾರಿಯೆ. 1893ರಲ್ಲಿ ನಿರಪಾಯಕಾರಿ ಎಂದು ಸಹಿ ಹಾಕಿದ ಕೈ 1914ರಲ್ಲಿ ಇದು ಕ್ಯಾನ್ಸರಿನ ಮುನ್ಸೂಚನೆ ಎಂದು ಬರೆಯಿತು. ಅದಕ್ಕೂ ಮೊದಲು ಪ್ಯಾಜೆಟ್ಟರ ರೋಗದಲ್ಲಿ ಕಾಣುವ ದೊಡ್ಡ ತಿಳಿಬಣ್ಣದ ಜೀವಕೋಶಗಳನ್ನು ಇದೇ ಡಾರಿಯೆ ಪರೋಪಜೀವಿಗಳೆಂದು ವಾದಿಸಿ, ಆಮೇಲೆ ಆ ವಾದವನ್ನು ಕೈಬಿಟ್ಟಿದ್ದರು. ಈ ಕತೆಯಲ್ಲಿ ಬರುವ ಎಲ್ಲರಿಗಿಂತ ನನಗೆ ಡಾರಿಯೆ ಮೇಲೆ ಗೌರವ ಹೆಚ್ಚು. ತಾನೇ ಒಪ್ಪಿದ್ದನ್ನು ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯ ಸಾಕ್ಷ್ಯ ಸಿಕ್ಕಾಗ ಬಿಟ್ಟುಕೊಡುವುದು ಎಲ್ಲ ಕಾಲದ ವೈದ್ಯರಿಗೂ ಕಷ್ಟದ ಕೆಲಸವೇ.

ಆ ಗಾಜಿನ ಪಟ್ಟಿಯಲ್ಲಿ ಕಾಣುವುದೇನು? ಮಚ್ಚೆಯಿಂದ ಕಡಲೆಕಾಳಿಗಿಂತ ಸಣ್ಣ ತುಣುಕು ತೆಗೆದು ಫಾರ್ಮಲಿನ್ನಿನಲ್ಲಿ ಹಾಕುತ್ತಾರೆ. ಅದು ಗಟ್ಟಿಯಾದ ಮೇಲೆ ಮೇಣದಲ್ಲಿ ಹೂತು, ಕೂದಲಿಗಿಂತ ತೆಳ್ಳಗೆ ಹೆರೆದು, ಗುಲಾಬಿ ಮತ್ತು ನೇರಳೆ ಬಣ್ಣ ಹಚ್ಚುತ್ತಾರೆ. ಆರೋಗ್ಯದ ಚರ್ಮದಲ್ಲಿ ಜೀವಕೋಶಗಳು ತಳದಲ್ಲಿ ಹುಟ್ಟಿ, ಮೇಲೇರುತ್ತ ಚಪ್ಪಟೆಯಾಗಿ ಉದುರುತ್ತವೆ. ಆ ಶಿಸ್ತು ಕಣ್ಣಿಗೆ ಕಟ್ಟುತ್ತದೆ. ಕೆರಾ ಕಂಡ ಮಚ್ಚೆಯಲ್ಲಿ ಆ ಶಿಸ್ತು ತಳದಿಂದ ತುದಿಯವರೆಗೆ ಮುರಿದಿರುತ್ತದೆ. ಕೋಶಕೇಂದ್ರಗಳು ಊದಿ ಕಪ್ಪಾಗಿರುತ್ತವೆ, ತಳದಲ್ಲಷ್ಟೇ ನಡೆಯಬೇಕಾದ ಕೋಶವಿಭಜನೆ ಮೇಲ್ಪದರದಲ್ಲೂ ನಡೆಯುತ್ತಿರುತ್ತದೆ. ಅಷ್ಟಾದರೂ ತಳಪೊರೆ ಹರಿದಿರುವುದಿಲ್ಲ. ಕ್ಯಾನ್ಸರ್ ಮನೆಯೊಳಗೇ ಇದೆ, ಹೊಸ್ತಿಲು ದಾಟಿಲ್ಲ. ದಾಟುವ ಮುನ್ನ ಗೊತ್ತಾದರೆ ಮುಲಾಮು, ಲೇಸರ್ ಅಥವಾ ಮೇಲ್ಪದರವನ್ನಷ್ಟೇ ತೆಗೆದು ಕಸಿ ಹಾಕುವ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯುತ್ತದೆ, ಅಂಗ ಉಳಿಯುತ್ತದೆ. ದಾಟಿದ ಮೇಲೆ ಅದು ತೊಡೆಸಂದಿಯ ಗ್ರಂಥಿಗಳ ಕಡೆ ಹೊರಡುತ್ತದೆ.

ಇನ್ನೊಂದು ವೇಷದ ಕತೆ ಬರ್ಲಿನ್ನಿನದು, ಇನ್ನೂ ಸಿಕ್ಕುಸಿಕ್ಕಾದದ್ದು. ಅಬ್ರಹಾಂ ಬುಷ್ಕೆ ಎಂಬ ಚರ್ಮವೈದ್ಯರು 1896ರಲ್ಲೇ ಶಿಶ್ನದ ಮೇಲೆ ವಿಪರೀತ ಬೆಳೆದ ನರಹುಲಿಯ ಒಂದು ಪ್ರಕರಣವನ್ನು ದಾಖಲಿಸಿದ್ದರು. 1925ರಲ್ಲಿ ಲುಡ್ವಿಗ್ ಲೋವೆನ್‌ಸ್ಟೈನ್ ಜೊತೆ ಸೇರಿ ಪೂರ್ಣ ವಿವರ ಪ್ರಕಟಿಸಿದರು. ಹೂಕೋಸಿನಂತೆ ಉಬ್ಬಿ, ಮುಂದೊಗಲನ್ನು ಕೊರೆದು ಹೊರಬರುವ ಗಂಟು ಅದು. ನೋಡಿದವರು ಕ್ಯಾನ್ಸರ್ ಅಂದೇ ಅನ್ನುತ್ತಾರೆ. ತುಣುಕು ತೆಗೆದು ನೋಡಿದರೆ ಜೀವಕೋಶಗಳು ಶಿಸ್ತಿನಲ್ಲೇ ಇರುತ್ತವೆ, ಬರೀ ನರಹುಲಿ. ಕ್ಯಾನ್ಸರನ್ನು ಹೋಲುವ ನರಹುಲಿ ಎಂದೇ ಅವರು ಅದನ್ನು ಕರೆದರು.

ಕೆರಾ ಪ್ರಕರಣದಲ್ಲಿ ಕಣ್ಣು ಮೋಸಹೋಗಿತ್ತು, ಸೂಕ್ಷ್ಮದರ್ಶಕ ಸತ್ಯ ಹೇಳಿತ್ತು. ಇಲ್ಲಿ ಹಾಗಾಗಲಿಲ್ಲ. ನರಹುಲಿ ಎಂದು ಕತ್ತರಿಸಿದರೆ ಮತ್ತೆ ಬೆಳೆಯುತ್ತಿತ್ತು, ಆಳಕ್ಕೆ ಒತ್ತಿಕೊಂಡು ಹೋಗುತ್ತಿತ್ತು, ಕೆಲವರಲ್ಲಿ ನಿಜವಾದ ಕ್ಯಾನ್ಸರೇ ಆಗುತ್ತಿತ್ತು. ಬಿಡಿಸಲು ಸುಳಿವು ಸಿಕ್ಕಿದ್ದು ಬಾಯಿಯಿಂದ. 1948ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ರೋಗಶಾಸ್ತ್ರಜ್ಞ ಲಾರೆನ್ ಆಕರ್‌ಮನ್, ತಂಬಾಕು ಅಗಿಯುವವರ ಕೆನ್ನೆಯೊಳಗೆ ನರಹುಲಿಯಂತೆ ಬೆಳೆಯುವ ಒಂದು ಬಗೆಯ ಕ್ಯಾನ್ಸರನ್ನು ಗುರುತಿಸಿದರು. ಅದು ಬೇರುಬಿಟ್ಟು ನುಗ್ಗುವುದಿಲ್ಲ. ಮೊಂಡಾದ ಅಂಚಿನಿಂದ ಸುತ್ತಲಿನ ಮಾಂಸವನ್ನು ತಳ್ಳುತ್ತ ಇಳಿಯುತ್ತದೆ. ಮೇಲಿನ ಜೀವಕೋಶಗಳು ಸಾಧುವಾಗಿಯೇ ಕಾಣುತ್ತವೆ. ಹಾಗಾಗಿ ಮೇಲಿಂದ ಚೂರು ಕೆರೆದು ಕಳಿಸಿದರೆ ಪ್ರಯೋಗಾಲಯದವರು ನರಹುಲಿ ಎಂದು ಬರೆದು ಕಳಿಸುತ್ತಾರೆ. ತಳದವರೆಗಿನ ತುಣುಕು ಬೇಕು. ಶಿಶ್ನದ ಮೇಲಿನ ಇಂಥ ಗಂಟುಗಳಿಗೂ ಇದೇ ಮಾತು. ಬುಷ್ಕೆ ಕಂಡದ್ದನ್ನೂ ಆಕರ್‌ಮನ್ ಕಂಡದ್ದನ್ನೂ ಬಹುಕಾಲ ಒಂದೇ ಎಂದು ಎಣಿಸಿದ್ದರು, ಇತ್ತೀಚೆಗೆ ಬೇರೆಬೇರೆಯಾಗಿ ಗುರುತಿಸುತ್ತಾರೆ. ಆಳದ ತುಣುಕಿನ ಪಾಠ ಮಾತ್ರ ಎರಡಕ್ಕೂ ಒಂದೇ.

ಬುಷ್ಕೆ ಯಹೂದಿ. ನಾಜಿಗಳು ಬಂದ ಮೇಲೆ ಅವರನ್ನು ತೆರೆಸಿಯೆನ್‌ಸ್ಟಾಟ್ ಶಿಬಿರಕ್ಕೆ ಸಾಗಿಸಿದರು. 1943ರಲ್ಲಿ ಅಲ್ಲೇ ತೀರಿಕೊಂಡರು. ಆಕರ್‌ಮನ್ನರ ಬರಹವನ್ನು ಓದುವ ಅವಕಾಶ ಅವರಿಗೆ ಸಿಗಲಿಲ್ಲ. ಅವರು ಕಂಡ ಗಂಟಿನೊಳಗೆ ಇದ್ದದ್ದೇನು ಎಂಬುದು ಗೊತ್ತಾಗುವ ಹೊತ್ತಿಗಂತೂ 1980ರ ದಶಕ ಬಂದಿತ್ತು. ಜರ್ಮನಿಯ ಹರಾಲ್ಡ್ ಟ್ಸುರ್ ಹೌಸೆನ್ ಮತ್ತು ಲುಟ್ಸ್ ಗಿಸ್‌ಮನ್ ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾದ ವೈರಸ್ಸನ್ನು ಹುಡುಕುತ್ತ ನರಹುಲಿಯಿಂದ ಆರಂಭಿಸಿದರು. ಜನನಾಂಗದ ನರಹುಲಿಯಲ್ಲಿ ಎಚ್‌ಪಿವಿ ಎಂಬ ವೈರಸ್ಸಿನ 6ನೇ ಬಗೆ ಸಿಕ್ಕಿತು, ಆಮೇಲೆ 11ನೇ ಬಗೆ ಸಿಕ್ಕಿತು. ಬುಷ್ಕೆ ಮತ್ತು ಲೋವೆನ್‌ಸ್ಟೈನರ ದೈತ್ಯ ನರಹುಲಿಗಳಲ್ಲೂ ಇವೇ. ಆದರೆ ಅವರು ಹುಡುಕುತ್ತಿದ್ದ ಅಪರಾಧಿ ಇವಲ್ಲ. 1983ರಲ್ಲಿ ಎಚ್‌ಪಿವಿ 16, ಮರುವರ್ಷ 18 ಪತ್ತೆಯಾದಾಗ ಆ ಅಪರಾಧಿ ಕೈಗೆ ಸಿಕ್ಕಿತು. ಟ್ಸುರ್ ಹೌಸೆನ್ನರಿಗೆ 2008ರಲ್ಲಿ ನೊಬೆಲ್ ಬಂತು. ಶಿಶ್ನದ ಕ್ಯಾನ್ಸರುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಇದೇ ವೈರಸ್ ಕುಟುಂಬ, ಅದರಲ್ಲೂ 16, ಕಾರಣವೆಂದು ಈಗ ಗೊತ್ತಿದೆ. ಉಳಿದರ್ಧ ಬೇರೆ ದಾರಿಯಲ್ಲಿ ಬರುತ್ತದೆ: ಮುಂದೊಗಲು ಹಿಂದೆ ಸರಿಯದೆ ಒಳಗೆ ಕೊಳೆ ನಿಂತು ವರ್ಷಗಟ್ಟಲೆ ನಡೆಯುವ ಉರಿಯೂತ, ಚರ್ಮ ಬಿಳಿಚಿ ಬಿಗಿಯಾಗುತ್ತ ಹೋಗುವ ರೋಗ, ತಂಬಾಕು. ಚರ್ಮ ಬಿಳಿಚಿ ಬಿಗಿಯುವ ಆ ರೋಗವನ್ನು ಜರ್ಮನಿಯ ಸ್ಟ್ಯೂಮರ್ 1928ರಲ್ಲಿ ವಿವರಿಸಿದ್ದರು. ನಮ್ಮ ಕಡೆ ಅದನ್ನು ವಯಸ್ಸಾದ ಮೇಲೆ ಆಗುವುದೇ ಹಾಗೆ ಎಂದು ಬಿಟ್ಟುಬಿಡುತ್ತಾರೆ.

ಇಲ್ಲಿಯವರೆಗಿನ ಕತೆ ಕೇಳಿದವರು ಕೆಂಪು ಕಂಡರೆ ಕ್ಯಾನ್ಸರ್ ಎಂದು ಹೆದರಿಕೊಳ್ಳಬಹುದು. ಕೆರಾ ನಂತರದ ವೈದ್ಯರಿಗೂ ಹಾಗೇ ಆಯಿತು. ಹಳೆಯ ತಪ್ಪು ತಿದ್ದಿಕೊಂಡವರು ಎದುರು ದಿಕ್ಕಿನ ತಪ್ಪಿಗೆ ಬಿದ್ದರು. ಅದನ್ನು ತಡೆದವರು ನೆದರ್ಲೆಂಡಿನ ಉಟ್ರೆಕ್ಟ್‌ನ ಯೋಹಾನೆಸ್ ಝೋನ್. ಕೆರಾ ಹೆಸರಿನ ರೋಗವೆಂದು ಗುರುತಿಸಿದ್ದ ಕೆಲವರ ತುಣುಕುಗಳನ್ನು ಅವರು ಮತ್ತೆ ನೋಡಿದಾಗ ಮೇಲ್ಪದರದಲ್ಲಿ ಅಶಿಸ್ತೇನೂ ಇರಲಿಲ್ಲ. ಪದರ ತೆಳ್ಳಗಾಗಿತ್ತು ಅಷ್ಟೇ, ಅದರ ಕೆಳಗೆ ಪ್ಲಾಸ್ಮಾ ಕೋಶಗಳು ಸಾಲುಗಟ್ಟಿ ನೆರೆದಿದ್ದವು. ಇದು ಉರಿಯೂತ, ಕ್ಯಾನ್ಸರ್ ಅಲ್ಲ. 1952ರಲ್ಲಿ ಪ್ರಕಟಿಸಿದ ಬರಹದ ತಲೆಬರಹದಲ್ಲೇ ಅವರು ಇದು ನಿರಪಾಯಕಾರಿ ಎಂದೂ ಕೆರಾ ಹೇಳಿದ ರೋಗಕ್ಕೆ ವಿರುದ್ಧವಾದುದೆಂದೂ ಸಾರಿದರು. ಎರಡೂ ಕೆಂಪು, ಎರಡೂ ಹೊಳೆಯುತ್ತವೆ, ಎರಡೂ ಹಟಮಾರಿ, ಎರಡೂ ಹೆಚ್ಚಾಗಿ ಮಧ್ಯವಯಸ್ಸು ದಾಟಿದ ಗಂಡಸರಲ್ಲಿ ಬರುತ್ತವೆ. ಕೆರಾ ಕಂಡದ್ದನ್ನು ಹಾಗೇ ಬಿಟ್ಟರೆ ಒಳಕ್ಕೆ ಹಬ್ಬಬಹುದು, ಝೋನ್ ಕಂಡದ್ದಕ್ಕೆ ಕತ್ತಿ ಹಿಡಿಯುವ ಅಗತ್ಯವೇ ಇಲ್ಲ. ಎಪ್ಪತ್ತೈದು ವರ್ಷಗಳ ಅನುಭವವಿದ್ದ ವೈದ್ಯಲೋಕಕ್ಕೇ ಬರಿಗಣ್ಣಲ್ಲಿ ಇವನ್ನು ಬೇರ್ಪಡಿಸಲಾಗಲಿಲ್ಲ ಎಂದ ಮೇಲೆ ಮೆಡಿಕಲ್ ಅಂಗಡಿಯ ಕಟ್ಟೆಯ ಮುಂದೆ ನಿಂತು, ಗಾಯವನ್ನು ತೋರಿಸದೆ ಬಾಯಲ್ಲಷ್ಟೇ ಹೇಳಿ ಟ್ಯೂಬು ತರುವುದರಲ್ಲಿ ಏನು ಅರ್ಥ?

ತೊಡೆಸಂದಿಯ ಗ್ರಂಥಿಗಳ ಮಾತು ಬಂತಲ್ಲ, ಅದರದ್ದೂ ಒಂದು ದೊಡ್ಡ ಶೋಧ ಇದೆ. ದಕ್ಷಿಣ ಅಮೆರಿಕದ ಪರಗ್ವೆ ದೇಶದಲ್ಲಿ ಶಿಶ್ನದ ಕ್ಯಾನ್ಸರ್ ಹೆಚ್ಚು. ಆ ದೇಶದ ರಾಮೋನ್ ಕಬಾನ್ಯಾಸ್ ಎಂಬ ಶಸ್ತ್ರವೈದ್ಯರು ದುಗ್ಧನಾಳಗಳಿಗೆ ಬಣ್ಣ ಬಿಟ್ಟು ಎಕ್ಸ್‌ರೇ ತೆಗೆದು, ಕ್ಯಾನ್ಸರ್ ಹರಡುವಾಗ ಮೊದಲು ತಲುಪುವ ಒಂದು ಕಾವಲು ಗ್ರಂಥಿ ಇರುತ್ತದೆ ಎಂದು 1977ರಲ್ಲಿ ತೋರಿಸಿದರು. ಅದೊಂದು ಶುದ್ಧವಾಗಿದ್ದರೆ ಉಳಿದವನ್ನೆಲ್ಲ ತೆಗೆದು ರೋಗಿಯ ಕಾಲು ಜೀವನಪರ್ಯಂತ ಬಾತುಕೊಳ್ಳುವಂತೆ ಮಾಡಬೇಕಿಲ್ಲ. 1990ರ ದಶಕದಲ್ಲಿ ಈ ತತ್ವ ಸ್ತನ ಕ್ಯಾನ್ಸರಿಗೂ ಬಂತು. ಇಂದು ಕಂಕುಳಿನ ಗ್ರಂಥಿಗಳನ್ನೆಲ್ಲ ಕಳೆದುಕೊಳ್ಳದೆ ಉಳಿದ ಲಕ್ಷಾಂತರ ಹೆಂಗಸರು, ಗಂಡಸರು ಬಾಯಿಬಿಟ್ಟು ಹೇಳಲಾರದ ರೋಗವೊಂದಕ್ಕೆ ಋಣಿಗಳು.

2020ರ ಜಾಗತಿಕ ಅಂದಾಜಿನಲ್ಲಿ ಶಿಶ್ನದ ಕ್ಯಾನ್ಸರಿನ ಹೊಸ ರೋಗಿಗಳು ಸುಮಾರು 36,000. ಅದರಲ್ಲಿ ಕಾಲುಭಾಗಕ್ಕೂ ಹೆಚ್ಚು ನಮ್ಮ ದೇಶದವರು. ಯುರೋಪಿನ ವೈದ್ಯರು ಎಲ್ಲೋ ಅಪರೂಪಕ್ಕೆ ಕಾಣುವ ರೋಗ ಇಲ್ಲಿ ಅಷ್ಟು ಅಪರೂಪದ್ದಲ್ಲ, ನಗರಕ್ಕಿಂತ ಹಳ್ಳಿಯಲ್ಲಿ ಇನ್ನೂ ಕಡಿಮೆ ಅಪರೂಪ. ಹಳ್ಳಿಯ ಲೆಕ್ಕ ನಮಗೆ ಸಿಕ್ಕಿದ್ದು ನಮ್ಮ ಪಕ್ಕದಿಂದಲೇ. ಭಾಲ್ಕಿ ಸ್ಟೇಷನ್ನಿನಿಂದ ಉದಗೀರ, ಲಾತೂರು ದಾಟಿ ಹೋದರೆ ಸೊಲ್ಲಾಪುರ ಜಿಲ್ಲೆಯ ಬಾರ್ಶಿ. ಅಲ್ಲಿನ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1987ರಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಬಾರ್ಶಿ, ಪರಾಂಡ, ಭೂಮ್ ತಾಲೂಕುಗಳ 346 ಹಳ್ಳಿಗಳು ಅದರ ವ್ಯಾಪ್ತಿ. ನಗರದ ನೋಂದಣಿಯವರು ಆಸ್ಪತ್ರೆಯ ಕಡತ ನೋಡಿ ಬರೆದುಕೊಳ್ಳುತ್ತಾರೆ. ಹಳ್ಳಿಯವರು ಆಸ್ಪತ್ರೆಗೇ ಹೋಗದಿದ್ದರೆ ಕಡತ ಎಲ್ಲಿಂದ ಬರಬೇಕು? ಹಾಗಾಗಿ ಡಾ. ಬಿ. ಎಂ. ನೆನೆ, ಕಸ್ತೂರಿ ಜಯಂತ್ ಮೊದಲಾದವರಿದ್ದ ತಂಡ ಕಾರ್ಯಕರ್ತರನ್ನು ಊರೂರಿಗೆ ಮತ್ತೆ ಮತ್ತೆ ಕಳಿಸಿತು. ಅವರು ಊರ ಹಿರಿಯರ ಜೊತೆ ಕಟ್ಟೆಯ ಮೇಲೆ ಕೂತು, ಮಾಯದ ಹುಣ್ಣು, ಅಕಾಲದ ರಕ್ತಸ್ರಾವ, ಗಂಟು ಇವುಗಳ ಬಗ್ಗೆ ಮಾತಾಡಿ, ಅನುಮಾನ ಬಂದವರನ್ನು ಬಾರ್ಶಿಗೆ ಕರೆತಂದು ಪರೀಕ್ಷೆ ಮಾಡಿಸುತ್ತಿದ್ದರು.

ಎಣಿಸಲೆಂದು ಹೊರಟವರಿಗೆ ಎಣಿಸದ ಫಲವೊಂದು ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಇದ್ದ ಹೆಂಗಸರು ಮೊದಲಿಗಿಂತ ಮುಂಚಿನ ಹಂತದಲ್ಲೇ ಬರತೊಡಗಿದರು. ಹೊಸ ಔಷಧಿ ಬಂದಿರಲಿಲ್ಲ, ಹೊಸ ಯಂತ್ರ ಬಂದಿರಲಿಲ್ಲ. ಯಾರೋ ಊರಿಗೆ ಬಂದು, ಮರ್ಯಾದೆಯಿಂದ ಕೇಳಿ, ಕಿವಿಗೊಟ್ಟಿದ್ದರು. 1995ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಇದೇ ನೆಲೆಯ ಮೇಲೆ ಮುಂದೆ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲಿ 1,31,746 ಹೆಂಗಸರನ್ನು ಒಳಗೊಂಡ ಅಧ್ಯಯನ ನಡೆದು, ಜೀವಮಾನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದರೂ ಗರ್ಭಕೊರಳಿನ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು 2009ರಲ್ಲಿ ಜಗತ್ತಿಗೆ ಗೊತ್ತಾಯಿತು. ಉಸ್ಮಾನಾಬಾದ್ ಎಂದರೆ ಈಗಿನ ಧಾರಾಶಿವ, ನಮ್ಮ ಜಿಲ್ಲೆಗೆ ಹೊಂದಿಕೊಂಡೇ ಇರುವ ಊರುಗಳು. ಬರ್ಲಿನ್ನಿನಿಂದ, ಟ್ಸುರ್ ಹೌಸೆನ್ನರ ಪ್ರಯೋಗಾಲಯದಿಂದ ಹೊರಟ ಜಾಡು ನಮ್ಮ ತೊಗರಿ ಹೊಲಗಳ ಅಂಚಿಗೆ ಬಂದು ಮುಟ್ಟಿತು.

ಗಂಡಸರ ವಿಷಯದಲ್ಲಿ ಮಾತ್ರ ಕಟ್ಟೆಯ ಮೇಲಿನ ಮಾತು ಇನ್ನೂ ಶುರುವಾಗಬೇಕಿದೆ. ಊರಿಗೆ ಬರುವವರು ಆಶಾ ಕಾರ್ಯಕರ್ತೆಯರು. ಅರವತ್ತರ ಮುದುಕ ಮಗಳ ವಯಸ್ಸಿನವಳಿಗೆ ಇದನ್ನು ಹೇಗೆ ಹೇಳಿಯಾನು? ಹೇಳದಿರುವುದಕ್ಕೆ ನಾಚಿಕೆಯ ಜೊತೆ ಇನ್ನೊಂದು ಹೆದರಿಕೆಯೂ ಇದೆ. ಅಲ್ಲಿ ಹುಣ್ಣಾದರೆ ಊರವರು ನಡತೆಯ ಬಗ್ಗೆ ಆಡಿಕೊಳ್ಳುತ್ತಾರೆ. ಪಾಟ್ ಕಾಲದ ಲಂಡನ್ನಿನಲ್ಲೂ ಫೂರ್ನಿಯೆ ಕಾಲದ ಪ್ಯಾರಿಸ್ಸಿನಲ್ಲೂ ಇದೇ ಅನುಮಾನ ರೋಗವನ್ನು ಮುಚ್ಚಿಟ್ಟಿತ್ತು. ನಡತೆಗೂ ಈ ರೋಗಕ್ಕೂ ಗಂಟುಹಾಕುವುದು ಅನ್ಯಾಯ. ಅರ್ಧದಷ್ಟು ಪ್ರಕರಣಗಳಿಗೆ ವೈರಸ್ಸಿನ ಸಂಬಂಧವೇ ಇಲ್ಲ. ವೈರಸ್ ಇದ್ದರೂ, ಮದುವೆಯಾದವರಲ್ಲಿ ಬಹುಪಾಲು ಜನರಿಗೆ ಒಂದಲ್ಲ ಒಂದು ಹೊತ್ತಿಗೆ ತಗಲಿ ಹೋಗುವ ವೈರಸ್ ಅದು.

ಮಾಡಬೇಕಾದ್ದು ದೊಡ್ಡದೇನಲ್ಲ. ದಿನಾ ಸ್ನಾನದಲ್ಲಿ ಮುಂದೊಗಲು ಹಿಂದೆ ಸರಿಸಿ ನೀರಿನಿಂದ ತೊಳೆಯಬೇಕು. ಅದು ಸರಿಯದಿದ್ದರೆ ವೈದ್ಯರಿಗೆ ತೋರಿಸಬೇಕು. ಕೆಂಪು ಮಚ್ಚೆ, ಬಿಳಿ ಕಲೆ, ನರಹುಲಿ, ಹುಣ್ಣು ಯಾವುದೇ ಆಗಲಿ, ಸರಿಯಾದ ಚಿಕಿತ್ಸೆ ಕೊಟ್ಟರೂ ಮೂರು ನಾಲ್ಕು ವಾರಗಳಲ್ಲಿ ಮಾಯದಿದ್ದರೆ ಇನ್ನೊಂದು ಟ್ಯೂಬು ಬೇಡ. ಭಾಲ್ಕಿಯ ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ ಬೀದರಿನ ಬ್ರಿಮ್ಸ್‌ಗೆ ಚೀಟಿ ಬರೆಸಿಕೊಳ್ಳಬಹುದು. ವೈದ್ಯಕೀಯ ಕಾಲೇಜಾದ್ದರಿಂದ ಚರ್ಮರೋಗ ವಿಭಾಗವೂ ತುಣುಕು ನೋಡುವ ರೋಗಶಾಸ್ತ್ರ ವಿಭಾಗವೂ ಒಂದೇ ಆವರಣದಲ್ಲಿ ಸಿಗುತ್ತವೆ. ಮುಂದಿನ ಚಿಕಿತ್ಸೆ ಬೇಕಾದರೆ ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಘಟಕವಿದೆ, ಹೈದರಾಬಾದಿನಲ್ಲಿ ನಮ್ಮ ಹಿರಿಯರಿಗೆ ಗೊತ್ತಿರುವ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಯಿದೆ. "ಸಾಹೇಬ್ರ, ಇದರ ತುಣುಕು ಪರೀಕ್ಷಾಕ್ಕ ಕಳಸ್ರಿ" ಎಂದು ರೋಗಿಯೇ ಕೇಳಿದರೂ ತಪ್ಪಿಲ್ಲ. ನರಹುಲಿಯಂಥ ದೊಡ್ಡ ಗಂಟಿದ್ದರೆ ತಳದವರೆಗೆ ತೆಗೆದಿರಾ ಎಂದೂ ಕೇಳಬಹುದು.

ವರದಿಯಲ್ಲಿ ಎಚ್‌ಪಿವಿ ಸಂಬಂಧದ ಗಾಯ ಎಂದು ಬಂದರೆ ಹೆಂಡತಿಯನ್ನೂ ಗರ್ಭಕೊರಳಿನ ಪರೀಕ್ಷೆಗೆ ಕರೆದೊಯ್ಯಬೇಕು. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಅವರಿಗೆ ಎಚ್‌ಪಿವಿ ಲಸಿಕೆ ಹಾಕಿಸುವ ಬಗ್ಗೆಯೂ ವಿಚಾರಿಸಬೇಕು. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆ 2023ರಲ್ಲಿ ಬಿಡುಗಡೆಯಾಗಿದೆ. ಅದು ತಡೆಯುವುದು 6, 11, 16 ಮತ್ತು 18ನ್ನು, ಅಂದರೆ ಬುಷ್ಕೆಯ ನರಹುಲಿಯ ಎರಡನ್ನೂ ಟ್ಸುರ್ ಹೌಸೆನ್ ಹುಡುಕಿ ಹಿಡಿದ ಎರಡನ್ನೂ. 9ರಿಂದ 26 ವರ್ಷದವರಿಗೆ ಕೊಡಲು ಅನುಮತಿ ಇದೆ, ಹೆಣ್ಣುಮಕ್ಕಳಿಗಷ್ಟೇ ಅಲ್ಲ, ಗಂಡುಮಕ್ಕಳಿಗೂ.